ಕರೆದ ಮೇಲೆ

ಮೊಲ ಮತ್ತೆ ಬಾವಿಗೆ ಬಿತ್ತು. ಮುನಿಲಕ್ಷ್ಮಿ ಬಾಯಲ್ಲೇ “ಪ್ಳಂಕ್” ಎಂದಳು. ಬಾವಿಯ ತಳದಿಂದ ಎದ್ದು ಬಂದಂಥ ಒಂದು ಮಾರ್ದನಿಯನ್ನೂ ಅದರ ಬಾಲಕ್ಕೆ ಕಟ್ಟಿದಳು. ರವಿಶಂಕರ್ ಜಾಯ್‌ಸ್ಟಿಕ್ಕನ್ನು ಚಾಪೆಯ ಮೇಲೆ ಎಸೆದ.

“ನೀನು ಪ್ಳಂಕ್ ಅನ್ನೋಕೇ ಕಾಯ್ತಾ ಕೂತಿರ್ತೀಯ. ಅದಕ್ಕೇ ಬೀಳ್ತದೆ ನನ್ ಮೊಲ.”

“ನಿನ್ ಮೊಲ ಬೀಳೋಕ್ ಮುಂಚೆ ನಾ ಯಾವತ್ತಾದ್ರೂ ಅಂದಿದ್ದೀನೇನೋ? ಕೊಡಿಲ್ಲಿ.”

ಕೈ ಚಾಚಿದಳು. ಮುನಿಲಕ್ಷ್ಮಿಯ ಕೈ ಒಮ್ಮೆ ಚಾಚಿತೆಂದರೆ ಚಾಚಿದ್ದೇ. ಬೈದರೂ, ಗೋಗರೆದರೂ, ಎದ್ದು ಹೋಗಿ ನೀರು ಕುಡಿದು ಬಂದರೂ ಅದು ಅಲ್ಲೇ ಇರುತ್ತಿತ್ತು, ಸೇಲಂ ಜಂಕ್ಷನ್ನಿನ ಕೈಮರದ ಹಾಗೆ. ರವಿಶಂಕರ್ ಕೊಟ್ಟ. ಕೊಡದೆ ಎಲ್ಲಿಗೆ ಹೋದಾನು!

ಮೂವರೂ ಸೇಲಂನ ಒಂದೇ ಕಾಲೇಜಿನವರು, ಮೂವರೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪರೀಕ್ಷೆಯಲ್ಲಿ ದೇವರೇ ಗತಿ. ಮೂರನೆಯವಳು ಸಂಗೀತಾ. ಹೆಸರಿನಲ್ಲಿದ್ದ ಸಂಗೀತವೆಲ್ಲ ಹೆಸರಿನಲ್ಲೇ ಖರ್ಚಾಗಿ ಗಂಟಲಿಗೆ ಏನೂ ಉಳಿದಿರಲಿಲ್ಲ. ಆದರೆ ಕಣ್ಣು, ಮೂಗು, ಹುಬ್ಬು ಎಲ್ಲವನ್ನೂ ಬೇಕಾದಂತೆ ಕುಣಿಸಬಲ್ಲಳು. ಮೊಲ ಬಿದ್ದಾಗಲೆಲ್ಲ ಬಿದ್ದ ಮೊಲದ ಮುಖ ಮಾಡಿ ಕೂರುತ್ತಿದ್ದಳು.

ರವಿಶಂಕರ್ ಮನೆಯಲ್ಲಿ ಮುಂದಿನ ಕೋಣೆ ಬೆಳ್ಳಿ ಕಾಲ್ಗೆಜ್ಜೆ ಕೆಲಸಕ್ಕೆ, ಹಿಂದಿನದು ಟಿವಿಗೆ. ಅವನ ಚಿಕ್ಕಪ್ಪ ಸಿಂಗಾಪುರದಿಂದ ತಂದ ಟಿವಿ ಗೇಮಿನ ಗಲಾಟೆಯನ್ನು ಅಪ್ಪ ನಾರಾಯಣಪ್ಪ ಎರಡು ದಿನ ಸಹಿಸಿಕೊಂಡರು. ಆಮೇಲೆ ಗೆಜ್ಜೆ ಸರಿಗೆ ಕತ್ತರಿಸುವ ಇಕ್ಕುಳ ತಂದು ಸ್ಪೀಕರಿನ ವೈರನ್ನೇ ಕತ್ತರಿಸಿದರು. “ಆಟ ಆಡ್ರಪ್ಪ, ಆರ್ಭಟ ಬ್ಯಾಡ. ಗೆಜ್ಜೆ ಸದ್ದು ಕೇಳ್ದೆ ಕೆಲ್ಸ ಎಂಗ್ಲಾ ಮಾಡೋದು?” ಅಂದಿನಿಂದ ಮೊಲದ ಕಾಲಿಗೆ ಸದ್ದು ಕೊಡುವ ಕೆಲಸ ಮುನಿಲಕ್ಷ್ಮಿಯ ಬಾಯಿಗೆ ಬಂತು. ಹಾರಿದರೆ “ಟೊಯ್ಂ”, ಕ್ಯಾರೆಟ್ ತಿಂದರೆ “ಟ್ರಿಂಗ್”, ಬಿದ್ದರೆ “ಪ್ಳಂಕ್”. ರವಿಶಂಕರ್ ಮಂಡಿಯ ಮೇಲೆ ತಾಳ ಬಾರಿಸಿದ. ಸಂಗೀತಾ ಎದ್ದು ಮೊಲವಾದಳು. ಒಂದು ದಿನ ಟಿವಿ ಹಾಕುವುದನ್ನೇ ಮರೆತು ಮೂವರೂ ಸಂಜೆಯವರೆಗೆ ಆಡಿದರು. ಐಟಂ ಹುಟ್ಟಿದ್ದು ಹಾಗೆ.

ಐಟಂ ಇದ್ದರೆ ಸಾಕೇ, ಸ್ಟೇಜು ಬೇಡವೇ? ರವಿಶಂಕರ್ ರಿದಂ ಪ್ಯಾಡ್ ಬಾರಿಸುತ್ತಿದ್ದ ಲೈಟ್ ಮ್ಯೂಸಿಕ್ ಪಾರ್ಟಿಯ ಯಜಮಾನ ಗೋವಿಂದರಾಜ್. ಮೇಟೂರು ಕಡೆಯ ಮನುಷ್ಯ, ಅಗಲ ಕಾಲರಿನ ಶರಟು, ಹೆಣ್ಣು ಗಂಟಲು ಗಂಡು ಗಂಟಲು ಎರಡರಲ್ಲೂ ಹಾಡಿ ಒಬ್ಬನೇ ಡ್ಯುಯೆಟ್ ಮುಗಿಸಬಲ್ಲವನು.

“ಲೇಡೀಸ್ ಅಂದ್ರೆ ಸಿನಿಮಾ ಪಾಟು ಆಡ್ಬೇಕು ಮಾ,” ಎಂದಿದ್ದ. “ಮಿಮಿಕ್ರಿ ಗಂಡಸರ ಐಟಂ. ಜನ ಒಪ್ಕೊಳಲ್ಲ.”

“ನೀವು ಎಂಗಸಿನ ಪಾಟು ಆಡುದ್ರೆ ಜನ ಒಪ್ಕೊಂತಾರಲ್ಲಣ್ಣ?” ಎಂದಿದ್ದಳು ಮುನಿಲಕ್ಷ್ಮಿ, ಅವನದೇ ದನಿಯಲ್ಲಿ, ಅವನದೇ ಕೆಮ್ಮು ಸೇರಿಸಿ.

ಅವನಿಗೆ ನಗು ಬಂದುಬಿಟ್ಟಿತು. ಅದರ ಬಿಸಿಯಲ್ಲೇ ಒಂದು ಛಾನ್ಸು ಕೊಟ್ಟ. ಕಡಯಂಪಟ್ಟಿಯಲ್ಲಿ ಕುಪ್ಪಸ್ವಾಮಿಯವರ ಮೊಮ್ಮಗಳ ಕಿವಿ ಚುಚ್ಚುವ ಫಂಕ್ಷನ್. ಜನ ಒಪ್ಪಿದರೆ ಬ್ಯಾನರಿನ ಮೇಲೆ ಅವಳ ಹೆಸರು ಬರೆಸುವುದು, ಒಪ್ಪದಿದ್ದರೆ ಮತ್ತೆ ಅವನ ಬಾಗಿಲಿಗೆ ಬರಕೂಡದು.

“ಪರೀಕ್ಷೆ ಮುಗೀತಿದ್ದಂಗೆ ಅವ್ವ ಮಾಪಿಳ್ಳೆ ನೋಡೋಕ್ ಸುರು ಮಾಡ್ತಾಳೆ,” ಎಂದು ಮುನಿಲಕ್ಷ್ಮಿ ಬಸ್ಸಿನಲ್ಲಿ ಸಂಗೀತಾಗೆ ಹೇಳಿದಳು. “ಬರೋ ಮಾಪಿಳ್ಳೆ ನನ್ ಎಸ್ರು ಮೊದ್ಲು ಬ್ಯಾನರ್ ಮೇಲೆ ಓದ್ಬೇಕು. ಆಮೇಲೆ ಮದ್ವೆ ಪತ್ರಿಕೆ ಮೇಲೆ ಓದ್ಲಿ.”

“ನಿಮ್ಮಪ್ಪ ಒಪ್ಪಿದ್ರಾ?”

“ಒಪ್ಪಿದ್ರೋ ಇಲ್ವೋ, ಅಲ್ಲೇ ಅವ್ರೆ.”

ಅವಳಪ್ಪ ಎಲ್ಲಪ್ಪ ಹರೂರು ಕಡೆಯವನು, ಕುರಿ ಸಾಕುವವನು. ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತ ಊರಿಂದೂರಿಗೆ ನಡೆಯುತ್ತಿದ್ದುದರಿಂದ ಅವರ ಮನೆಯಲ್ಲಿ ‘ಎಲ್ಲಪ್ಪ?’ ಎಂಬುದು ಹೆಸರೂ ಹೌದು, ದಿನಾ ಕೇಳುವ ಪ್ರಶ್ನೆಯೂ ಹೌದು. ಈ ಸಲ ಉತ್ತರ ಕಡಯಂಪಟ್ಟಿ. ಕುಪ್ಪಸ್ವಾಮಿಯವರ ಮನೆಯ ಹಿಂದಿನ ಕಡಲೆಕಾಯಿ ಹೊಲದಲ್ಲೇ ಮಂದೆ. ಮಗಳು ಸ್ಟೇಜು ಹತ್ತುವುದಕ್ಕೆ ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ನಾನು ಇತ್ಲಾಗೇ ಇರ್ತೀನಿ,” ಎಂದಷ್ಟೇ ಅಂದಿದ್ದ.

“ಲೇ ಮುನಿ, ನಿಮ್ಮಪ್ಪ ಕುರಿ ಕರೀತಾರಲ್ಲ, ಅದನ್ನೂ ಸೇರ್ಸೇ,” ಎಂದಳು ಸಂಗೀತಾ. “ಆವತ್ತು ನಿಮ್ಮೂರಾಗೆ ಕೇಳಿ ಮೈ ಜುಂ ಅಂತು.”

“ಅದು ಐಟಂ ಅಲ್ಲ.”

“ಯಾಕೆ?”

“ಸುಮ್ಸುಮ್ನೆ ಕರೀಬಾರ್ದು. ಕರುದ್ರೆ ಕೊಡ್ಬೇಕು. ನೀರೋ, ಸೊಪ್ಪೋ, ಉಪ್ಪೋ. ಬರಿಗೈಲಿ ಒಂದ್ಸಲ ಕರುದ್ರೆ ಮುಗೀತು, ಆಮೇಲೆ ಆ ಗಂಟ್ಲು ನಂಬಲ್ಲ ಅವು. ನಮ್ ತಾತ ಚಿಕ್ ಉಡುಗ್ರುಗೆ ಮೊದ್ಲು ಇದ್ನೇ ಏಳ್ಕೊಡೋದು.” ಆಮೇಲೆ ಕಂಡಕ್ಟರನ ಮೂಗುದನಿಯಲ್ಲಿ “ಕಡಯಂಪಟ್ಟಿ ಎರಂಗು, ಎರಂಗು” ಎಂದು ಇಳಿಯುವವರನ್ನು ಕೂಗಿದಳು. ಮುಂದಿನ ಸೀಟಿನ ಮುದುಕಿ ಗಡಬಡಿಸಿ ಎದ್ದು ಬುಟ್ಟಿ ಎತ್ತಿಕೊಂಡಿತು. ಊರು ಇನ್ನೂ ದೂರವಿತ್ತು.

ಹೊತ್ತು ಇಳಿಯುವ ವೇಳೆಗೆ ಗರಿ ಹೊದಿಸಿದ ಪಂದಲಿನ ಕೆಳಗೆ ಜನ ತುಂಬಿದ್ದರು. ಊಟದ ಸಾಲಿನಿಂದ ರಸದ ವಾಸನೆ. ಕಿವಿ ಚುಚ್ಚಿಸಿಕೊಂಡ ಮಗು ಸೋದರಮಾವನ ತೊಡೆಯ ಮೇಲೆ ಅತ್ತು ಅತ್ತು ಈಗ ಲಾಡು ತಿನ್ನುತ್ತಿತ್ತು. ಬೇವಿನ ಮರಕ್ಕೆ ಕಟ್ಟಿದ ಕೊಳವೆ ಸ್ಪೀಕರುಗಳ ಪೈಕಿ ಒಂದು ಪಂದಲಿನ ಕಡೆ, ಇನ್ನೊಂದು ಹೊಲದ ಕಡೆ ಮುಖ ಮಾಡಿದ್ದವು. ಕೀಬೋರ್ಡಿನವನು ಊಟಕ್ಕೆ ಎದ್ದ ಸಂದಿನಲ್ಲಿ ಗೋವಿಂದರಾಜ್ ಮೈಕನ್ನು ಮುನಿಲಕ್ಷ್ಮಿಯ ಕೈಗೆ ಕೊಟ್ಟ. “ಒಂದೇ ಛಾನ್ಸು ಮಾ. ನೋಡ್ಕೋ, ಪಾತ್ತುಕ್ಕೋ.”

ಅವಳ ಬಾಯಲ್ಲಿ ಟೌನ್ ಬಸ್ಸು ಹೊರಟಿತು. ರೈಲು ಜಂಕ್ಷನ್ನಿಗೆ ಬಂತು, ಟೀ ಮಾರುವವನು ಬಂದ. ಜನ ನಕ್ಕರು, ಹದವಾಗಿ ನಕ್ಕರು. ಆಮೇಲೆ ಮೊಲ. ರವಿಶಂಕರ್ ಪ್ಯಾಡಿನ ಮೇಲೆ ಬೆರಳು ಆಡಿಸಿದ, ಸಂಗೀತಾ ಸ್ಟೇಜಿನ ತುದಿಯಿಂದ ತುದಿಗೆ ಹಾರಿದಳು, “ಟೊಯ್ಂ, ಟೊಯ್ಂ, ಟ್ರಿಂಗ್!” ಮಕ್ಕಳು ಮುಂದಕ್ಕೆ ನುಗ್ಗಿ ಕೂತರು. ಆದರೆ ದೊಡ್ಡವರಿಗೆ ಈ ಟಿವಿ ಮೊಲದ ಗುರುತಿರಲಿಲ್ಲ. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಕದಲಿದವು, ಎಲೆಯಡಿಕೆ ಕೈ ಬದಲಾಯಿಸಿತು. ಪಕ್ಕದಲ್ಲಿ ನಿಂತ ಗೋವಿಂದರಾಜ್ ಗಡಿಯಾರ ನೋಡಿಕೊಂಡ.

ಮೊದಲ ಸಾಲಿನಲ್ಲಿ ಕೂತ ಕುಪ್ಪಸ್ವಾಮಿಯವರು ಕೈ ಎತ್ತಿದರು. “ಟೌನು ಸದ್ದೆಲ್ಲ ಆಯ್ತು ಕಣಮ್ಮ. ನಮ್ಮ ಕಡೆ ಸದ್ದು ಒಂದೂ ಬರಲ್ವಾ ನಿಂಗೆ?”

ಯಾರೋ ಹಿಂದಿನಿಂದ “ಅದೆಂಗ್ ಬರ್ತದೆ? ಕಾಲೇಜು ಪೊಣ್ಣು!” ಎಂದರು. ಅದಕ್ಕೆ ಬಂದ ನಗು ಅವಳ ಬಸ್ಸಿಗೂ ರೈಲಿಗೂ ಬಂದದ್ದಕ್ಕಿಂತ ದೊಡ್ಡದಿತ್ತು.

ಮುನಿಲಕ್ಷ್ಮಿ ಮೈಕು ಬಿಗಿಯಾಗಿ ಹಿಡಿದಳು. ಕತ್ತಲಾಗುತ್ತ ಬಂದಿದೆ, ಅಪ್ಪ ಈ ಹೊತ್ತಿಗೆ ಕುರಿ ಕೂಡಿಹಾಕಿ ಸುತ್ತ ಬಲೆ ಕಟ್ಟಿರುತ್ತಾನೆ, ಕೇಳಿಸಿದರೂ ಬರಲಾರವು. ಇಷ್ಟು ಲೆಕ್ಕ ಹಾಕಿ ಕಣ್ಣು ಮುಚ್ಚಿದಳು. ನಾಲಗೆಯ ತುದಿಯಲ್ಲಿ ಒಂದು ಸಣ್ಣ ನಡುಕ ಎದ್ದಿತು, ಅದು ಗಂಟಲಿಗೆ ಇಳಿದು ಉದ್ದನೆಯ “ಓ...” ಆಯಿತು, ಕೊನೆಗೆ ಅಂಗುಳಲ್ಲಿ ಎರಡು ಸಲ ಲೊಟಕ್ ಲೊಟಕ್. ಸಂಜೆ ನೀರಿಗೆ ಕರೆಯುವ ಕರೆ. ಅವಳ ಅಪ್ಪನ ದನಿ, ಅವಳ ಅಪ್ಪನ ಅಪ್ಪನ ದನಿ. ಪಂದಲು ತಣ್ಣಗಾಯಿತು. ಒಬ್ಬ ಮುದುಕ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

ಆ ಮೌನದ ಅಂಚಿನಲ್ಲಿ ಎಲ್ಲೋ ಒಂದು ಮರಿ ಅಂದಿತು, “ಮ್ಯಾ.”

ಲೆಕ್ಕ ತಪ್ಪಿತ್ತು. ಎಲ್ಲಪ್ಪ ಬಲೆ ಕಟ್ಟಿರಲಿಲ್ಲ. ಮಗಳ ದನಿ ಕೇಳಲು ಬೇಲಿಯ ಹತ್ತಿರ ಬಂದು ನಿಂತಿದ್ದ. ಅವನ ಬೆನ್ನಿಗಿದ್ದ ಮಂದೆ ಈಗ ಅವನ ಎರಡೂ ಕಡೆಯಿಂದ ಹರಿದು, ಬೇಲಿಯ ಸಂದಿನಿಂದ ನುಗ್ಗಿ, ಊಟದ ಬೆಂಚುಗಳ ಕೆಳಗೆ ತೂರಿ, ಉಡುಗೊರೆ ಹಣದ ಮೊಯ್ ಲೆಕ್ಕ ಬರೆಯುವವರ ಮೇಜನ್ನು ಬಳಸಿ ಸೀದಾ ಸ್ಟೇಜಿನ ಮುಂದೆ ಬಂದು ನಿಂತಿತು. ಹೆಂಗಸರು ಸೀರೆ ಎತ್ತಿ ಕುರ್ಚಿ ಹತ್ತಿದರು. ಮಗು ಲಾಡು ಬಿಟ್ಟು ಚಪ್ಪಾಳೆ ತಟ್ಟಿತು. ಆಮೇಲೆ ಪಂದಲಿಗೆ ಪಂದಲೇ ನಕ್ಕಿತು, ಕೂಗಿತು, ಶಿಳ್ಳೆ ಹಾಕಿತು. ಅದುವರೆಗೆ ಕಡಯಂಪಟ್ಟಿಯಲ್ಲಿ ಯಾವ ಪಾಟುಗಾರನೂ ಮುಂದಿನ ಸಾಲಿನಲ್ಲಿ ಇಂಥ ಭಕ್ತರನ್ನು ಕಂಡಿರಲಿಲ್ಲ.

“ಸೂಪರ್ ಮಾ! ಸೂಪರ್!” ಗೋವಿಂದರಾಜ್ ಅವಳ ಕಿವಿಯ ಹತ್ತಿರ ಬಂದ. “ಬ್ಯಾನರ್ ನಿಂದೇ. ಬಿಡ್ಬೇಡ, ಅಂಗೇ ಇನ್ನೊಂದ್ಸಲ ಮೊಲ ಎತ್ಕೋ. ಕುರೀನ ನಮ್ಮ ಉಡುಗ್ರು ಓಡುಸ್ತಾರೆ.”

ಆಗಲೇ ಒಬ್ಬ ಪೊರಕೆ ಎತ್ತಿದ್ದ. ಕುರಿಗಳು ಕದಲಲಿಲ್ಲ. ಎಲ್ಲವೂ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದವು. ಅವುಗಳ ಹಿಂದೆ, ಹೆಗಲ ಮೇಲೆ ಕೋಲು ಅಡ್ಡ ಇಟ್ಟುಕೊಂಡು, ಎಲ್ಲಪ್ಪನೂ ನಿಂತಿದ್ದ. ಅವನು ಕೋಲು ಇಳಿಸಲಿಲ್ಲ, ಮಂದೆ ತಿರುಗಿಸಲಿಲ್ಲ.

“ಅಪ್ಪೋ, ವಾಪಸ್ ಒಡ್ಕೊಂಡ್ ಓಗು,” ಎಂದಳು ಮೈಕನ್ನು ಪಕ್ಕಕ್ಕೆ ಹಿಡಿದು.

“ನಾನ್ ಕರೀನಿಲ್ಲ,” ಎಂದ ಎಲ್ಲಪ್ಪ. ಬೈದ ಹಾಗೆ ಇರಲಿಲ್ಲ. ಇದ್ದದ್ದನ್ನು ಹೇಳಿದ, ಅಷ್ಟೆ.

ಮುನಿಲಕ್ಷ್ಮಿ ಜನರನ್ನು ನೋಡಿದಳು. ಇಷ್ಟು ಹೊತ್ತು ತಾನು ಬೇಕು ಬೇಕೆಂದು ಕಾದಿದ್ದ ಮುಖಗಳು, ಈಗ ಅವಳಿಗೇ ಬಾಯಿ ತೆರೆದು ಕೂತಿದ್ದವು. ಆಮೇಲೆ ಕುರಿಗಳನ್ನು ನೋಡಿದಳು. ಮೈಕನ್ನು ಸಂಗೀತಾಳ ಕೈಗೆ ಇಟ್ಟಳು.

“ಎಲ್ಲಿಗ್ ಮಾ?” ಗೋವಿಂದರಾಜ್ ದನಿ ಗಟ್ಟಿಯಾಯಿತು. “ಈಗ ಇಳುದ್ರೆ ಮುಗೀತು. ಮತ್ತೆ ಸ್ಟೇಜ್ ಅತ್ತುಸಲ್ಲ ನಾನು.”

“ನೀರ್ ಕುಡ್ಸಿ ಬತ್ತೀನಣ್ಣ.”

“ಕುರಿಗಾ? ಫಂಕ್ಷನ್ ಮಧ್ಯದಾಗಾ?”

“ಕರುದ್ಬಿಟ್ಟಿದ್ದೀನಲ್ಲ.” ಇಳಿದೇ ಬಿಟ್ಟಳು.

ಮೈಕು ಸಂಗೀತಾಳ ಕೈಯಲ್ಲೇ ಉಳಿದಿತ್ತು. ಅವಳಿಗೆ ಹಾಡಲು ಬಾರದು. ಕೊನೆಗೆ ಕಣ್ಣು ಅಗಲಿಸಿ ಮೂಗು ಕುಣಿಸಿ “ಪ್ಳಂಕ್” ಎಂದಳು. ಮುಂದೆ ಕೂತ ಮಕ್ಕಳೆಲ್ಲ ಒಟ್ಟಿಗೆ “ಪ್ಳಂಕ್!” ಎಂದವು. ರವಿಶಂಕರ್ ಪ್ಯಾಡಿನ ಮೇಲೆ ತಾಳ ಹಿಡಿದ.

ಅಡುಗೆಯ ಜಾಗದಲ್ಲಿ ಕೈ ತೊಳೆಯುವ ನೀರಿನ ದೊಡ್ಡ ಡ್ರಮ್ಮಿತ್ತು. ಮುನಿಲಕ್ಷ್ಮಿ ತೊಳೆದು ಬೋರಲು ಹಾಕಿದ್ದ ಅಗಲ ಪಾತ್ರೆಗಳನ್ನು ಎಳೆದು ಸಾಲಾಗಿ ಇಟ್ಟಳು.

“ಅಯ್ಯೋ, ಪಾಯಸದ್ ಪಾತ್ರೆ ಕಣೇ ಅದು!” ಅಡುಗೆಯ ಚೆಲ್ಲಮ್ಮ ಸೌಟು ಹಿಡಿದೇ ಓಡಿ ಬಂದಳು. “ಆಡಿಗೆ ಪಾಯಸದ್ ಪಾತ್ರೆನಾ?”

“ಆಡಲ್ಲಕ್ಕ, ಕುರಿ,” ಎಂದು ಮುನಿಲಕ್ಷ್ಮಿ ಬಿಂದಿಗೆ ಬಗ್ಗಿಸಿದಳು. “ನಾನೇ ಉಣ್ಸೆ ಆಕಿ ತಿಕ್ಕಿ ಕೊಡ್ತೀನಿ.” ಮತ್ತೆ ಬಗ್ಗಿಸಿದಳು, ಮತ್ತೆ. ರೇಷ್ಮೆ ಲಂಗದ ಅಂಚು ಕೆಸರಾಯಿತು, ಬಳೆಗಳ ಒಳಗೆಲ್ಲ ನೀರು. ಮಂದೆ ಬಂದು ಪಾತ್ರೆಗಳ ಸುತ್ತ ಮುತ್ತಿತು. ಚೆಲ್ಲಮ್ಮ ಬೈಯುತ್ತಲೇ ಇನ್ನೊಂದು ಬಿಂದಿಗೆ ತಂದಳು.

ಎಲ್ಲಪ್ಪ ಕೋಲೂರಿ ನಿಂತು ನೋಡಿದ. ಸಹಾಯಕ್ಕೆ ಬರಲಿಲ್ಲ. ಪಾತ್ರೆಗಳು ಬರಿದಾಗುತ್ತ ಬಂದಾಗ, “ಆ ಕರೀ ಮರಿ ಇನ್ನೂ ಕುಡೀನಿಲ್ಲ,” ಎಂದ.

ಜನರಿಗೆ ಬೆದರಿ ಬೆಂಚಿನ ಕೆಳಗೆ ನಿಂತಿತ್ತು ಅದು. ಮುನಿಲಕ್ಷ್ಮಿ ಕುಕ್ಕರುಗಾಲಲ್ಲಿ ಕೂತು, ಮೈಕಿಲ್ಲದ ಗಂಟಲಲ್ಲಿ, ಅದಕ್ಕೊಂದಕ್ಕೇ ಕೇಳುವಷ್ಟು ಸಣ್ಣಗೆ ಕರೆದಳು. ಮರಿ ಕಿವಿ ಅಲ್ಲಾಡಿಸಿತು, ಯೋಚಿಸಿತು, ಬಂತು. ಅವಳ ಬೊಗಸೆಯಿಂದಲೇ ಕುಡಿಯಿತು.

“ಸರಿ,” ಎಂದ ಎಲ್ಲಪ್ಪ. ಕೋಲು ಹೆಗಲಿಗೇರಿತು. “ನಿನ್ ಕೆಲ್ಸ ನೋಡೋಗು.”

ಸ್ಪೀಕರಿನಲ್ಲಿ ಈಗ ಗೋವಿಂದರಾಜ್‌ನ ಹೆಣ್ಣು ಗಂಟಲು ಮೊಳಗುತ್ತಿತ್ತು. ಜನ ಕುರ್ಚಿಗಳಿಗೆ ಮರಳಿದ್ದರು. ಮುನಿಲಕ್ಷ್ಮಿ ಹಿಂದಿನ ಮೆಟ್ಟಿಲಿನಿಂದ ಸ್ಟೇಜು ಹತ್ತಿದಳು. ಒದ್ದೆ ಲಂಗ ಹಲಗೆಯ ಮೇಲೆ ಗೆರೆ ಎಳೆಯುತ್ತ ಬಂತು. ಹಾಡು ಮುಗಿಯುವವರೆಗೆ ಅವನ ಪಕ್ಕದಲ್ಲಿ ನಿಂತಳು. ಮುಗಿಯಿತು. ಕೈ ಚಾಚಿದಳು.

ಗೋವಿಂದರಾಜ್ ನೋಡಲಿಲ್ಲ. ಕೆಮ್ಮಿದ, ಕೀಬೋರ್ಡಿನವನಿಗೆ ಏನೋ ಹೇಳಿದ, ಸೋಡಾ ಕುಡಿದ, ಕಾಲರು ಸರಿ ಮಾಡಿಕೊಂಡ. ರವಿಶಂಕರನೂ ಸಂಗೀತಾಳೂ ಒಬ್ಬರನ್ನೊಬ್ಬರು ನೋಡಿ ತುಟಿ ಕಚ್ಚಿಕೊಂಡರು. ಅವರಿಗೆ ಆ ಕೈ ಗೊತ್ತಿತ್ತು. ಗೋವಿಂದರಾಜ್ ತಿರುಗಿದಾಗ ಅದು ಅಲ್ಲೇ ಇತ್ತು, ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಒದ್ದೆ ಕೈಯಾಗೆ ಮೈಕ್ ಮುಟ್ಬಾರ್ದು ಮಾ,” ಎಂದ, ಸೋತವನ ಹಾಗೂ ಅಲ್ಲ, ಗೆದ್ದವನ ಹಾಗೂ ಅಲ್ಲ. “ಶಾಕ್ ಒಡೀತದೆ.”

ಮುನಿಲಕ್ಷ್ಮಿ ದಾವಣಿಯ ಒಣಗಿದ ತುದಿ ಹುಡುಕಿ ಕೈ ಒರೆಸಿಕೊಂಡಳು, ಮತ್ತೆ ಚಾಚಿದಳು.