ಮೂರೂ ಶಿಫ್ಟಿನ ಫೋಟೋ

ಮಿಲಿಮೀಟರ್ ಮಾಮ ಎರಡನೆಯ ಲೆನ್ಸನ್ನೂ ಗಾಜಿನ ಮೇಜಿನ ಮೇಲಿಟ್ಟು, ಎರಡರ ಮುಚ್ಚಳವನ್ನೂ ತೆಗೆದು, ಇನ್ನು ನಿನ್ನ ಹಣೆಬರಹ ಎಂಬಂತೆ ಕೈಕಟ್ಟಿ ಕೂತರು. ಎಡಗಡೆಯದು ಹದಿನಾಲ್ಕು ಮಿಲಿಮೀಟರು, ಬಲಗಡೆಯದು ಹನ್ನೆರಡು. ಹದಿನಾಲ್ಕು ಪುಟ್ಟದು, ಅಂಗೈಯಲ್ಲಿ ಅಡಗುವಷ್ಟು ಹಗುರ. ಹನ್ನೆರಡರ ಮುಂದಿನ ಗಾಜು ಮಾತ್ರ ಕಪ್ಪೆಯ ಕಣ್ಣಿನ ಹಾಗೆ ಹೊರಕ್ಕೆ ಉಬ್ಬಿಕೊಂಡು ಇಡೀ ಅಂಗಡಿಯನ್ನು ತನ್ನೊಳಗೆ ತೋರಿಸುತ್ತಿತ್ತು. ಅವಳು ಒಂದನ್ನು ಎತ್ತಿ ನೋಡಿದಳು, ಇಟ್ಟಳು, ಇನ್ನೊಂದನ್ನು ಎತ್ತಿದಳು. ಒಂದು ವಾರದಲ್ಲಿ ಈ ಅಂಗಡಿಗೆ ಇದು ಅವಳ ನಾಲ್ಕನೆಯ ಭೇಟಿ.

ಮಾಮ ಅವಳ ಅಪ್ಪನ ಹಳೆಯ ಗೆಳೆಯರು, ಲೆನ್ಸುಗಳನ್ನು ಬಾಡಿಗೆಗೆ ಕೊಡುವವರು. ಮೊಮ್ಮಗಳ ಹಲ್ಲು ಎಷ್ಟು ಬಂದಿದೆ ಎಂದು ಕೇಳಿದರೂ ಮಿಲಿಮೀಟರಿನಲ್ಲೇ ಹೇಳುವ ಆಸಾಮಿಯಾದ್ದರಿಂದ ಆ ಹೆಸರು ಬಿದ್ದಿತ್ತು. ಹೆಸರಿಟ್ಟವರು ಅಪ್ಪನೇ.

"ಎರಡೇ ಮಿಲಿಮೀಟರ್ ವ್ಯತ್ಯಾಸ ಅಲ್ವಾ ಮಾಮ?" ಎಂದಳು.

"ಎರಡೇ ಅನ್ಬೇಡಮ್ಮ. ದೊಡ್ಡ ನಂಬರಿನ ಲೆನ್ಸಲ್ಲಿ ಎರಡು ಅಂದ್ರೆ ಏನೂ ಇಲ್ಲ. ಈ ತುದೀಲಿ ಎರಡು ಅಂದ್ರೆ ಒಂದು ಬೀದಿ."

ಅವಳಿಗೂ ಅದು ಗೊತ್ತಿತ್ತು. ಅಂಕಿ ಇಳಿದಷ್ಟೂ ಲೆನ್ಸಿನ ಕಣ್ಣು ಅಗಲ. ಕಣ್ಣು ಅಗಲವಾದಷ್ಟೂ ಅಂಚಿನಲ್ಲಿ ನಿಂತವರ ಪಾಡು ಕಷ್ಟ. ಅವರು ಹೊರಕ್ಕೆ ವಾಲುತ್ತಾರೆ, ಉದ್ದವಾಗುತ್ತಾರೆ, ಒಮ್ಮೊಮ್ಮೆ ತಮ್ಮ ಹೆಂಡತಿಗೇ ಗುರುತು ಸಿಗದ ಹಾಗಾಗುತ್ತಾರೆ. ಅವಳು ಡ್ರೋನಿನಿಂದ ಫೋಟೋ ತೆಗೆಯುವವಳು; ಅದನ್ನು ಇನ್ನೂ ಎತ್ತರಕ್ಕೆ ಹಾರಿಸಿದರೆ ಸಾಮಾನ್ಯ ಲೆನ್ಸೇ ಸಾಕು. ಆದರೆ ಫೋಟೋ ತೆಗೆಯಬೇಕಾದ ಅಂಗಳದ ಪಕ್ಕದಲ್ಲೇ ವಿಮಾನ ಇಳಿಯುವ ಜಾಗ ಇದ್ದುದರಿಂದ ಮೂವತ್ತು ಮೀಟರಿಗಿಂತ ಒಂದು ಗೇಣು ಮೇಲಕ್ಕೂ ಅನುಮತಿ ಇರಲಿಲ್ಲ. ಮೂವತ್ತು ಮೀಟರಿನಿಂದ ಬಿಸ್ಕತ್ತು ಕಾರ್ಖಾನೆಯ ಇಡೀ ಅಂಗಳ, ಅದರಲ್ಲಿ ನಿಲ್ಲುವ ಆರುನೂರ ಹನ್ನೆರಡು ಜನ, ಒಂದೇ ಚಿತ್ರದಲ್ಲಿ ಬರಬೇಕು.

ಅದು ಅವಳ ಆಸೆಯಷ್ಟೇ ಆಗಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ. ಅದು ಅಪ್ಪನ ಆಸೆ, ನಲವತ್ತು ವರ್ಷದ್ದು. ಅಪ್ಪ ಗ್ರೂಪ್ ಫೋಟೋದವರು. ಬಿಸ್ಕತ್ತು ಕಾರ್ಖಾನೆಗೆ ಪ್ರತಿವರ್ಷ ಹೋಗಿ ಮೂರು ಫೋಟೋ ತೆಗೆಯುತ್ತಿದ್ದರು, ಶಿಫ್ಟಿಗೆ ಒಂದರಂತೆ. ಮೂರೂ ಶಿಫ್ಟಿನವರನ್ನು ಒಟ್ಟಿಗೆ ನಿಲ್ಲಿಸಬೇಕೆಂದು ಅವರು ಮಾಡದ ಪ್ರಯತ್ನವಿರಲಿಲ್ಲ. ಹಿಂದೆ ಹಿಂದೆ ಸರಿಯುತ್ತಾ ಹೋದರೆ ಕೊನೆಗೆ ಬೆನ್ನು ಗೋಡೆಗೆ ತಾಗುತ್ತಿತ್ತು. ಒಂದು ವರ್ಷ ಆ ಗೋಡೆಯನ್ನು ಒಂದು ದಿನದ ಮಟ್ಟಿಗೆ ಒಡೆಸಿಕೊಡಲು ಸಾಧ್ಯವೇ ಎಂದು ಆಗಿನ ಮ್ಯಾನೇಜರನ್ನು ಕೇಳಿಬಿಟ್ಟಿದ್ದರಂತೆ. ಮ್ಯಾನೇಜರು ನಕ್ಕು ಒಂದು ಡಬ್ಬ ಬಿಸ್ಕತ್ತು ಕೊಟ್ಟು ಕಳಿಸಿದ್ದರು.

ಆ ಡಬ್ಬ ಇನ್ನೂ ಮನೆಯಲ್ಲಿದೆ. ಬಿಸಿಲನ್ನು ಬೆನ್ನಿಗಿಟ್ಟುಕೊಂಡು ತೆಗೆಯುವುದು ಅಪ್ಪನ ಪದ್ಧತಿ. ಆಗ ಅವರದೂ ಕ್ಯಾಮೆರಾ ಸ್ಟ್ಯಾಂಡಿನದೂ ನೆರಳು ಸಾಲಿನ ಮುಂದೆ ನೆಲದ ಮೇಲೆ ಬೀಳುತ್ತಿತ್ತು. ಫೋಟೋಗ್ರಾಫರನ ನೆರಳೂ ಫೋಟೋದಲ್ಲಿರಬಾರದು ಎಂಬುದು ಅವರ ಕಟ್ಟಪ್ಪಣೆ. ಪ್ರಿಂಟು ಬಂದೊಡನೆ ಸ್ಟೀಲ್ ಸ್ಕೇಲ್ ಇಟ್ಟು, ಬ್ಲೇಡಿನಿಂದ ಆ ಪಟ್ಟಿಯನ್ನು ಕತ್ತರಿಸಿ ಹಾಕುತ್ತಿದ್ದರು. ಮಗಳು ಅವನ್ನೆಲ್ಲ ಹೆಕ್ಕಿ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಡುತ್ತಿದ್ದಳು. ಅಪ್ಪನ ಎರಡು ಕಾಲು, ಸ್ಟ್ಯಾಂಡಿನ ಮೂರು, ಒಟ್ಟು ಐದು ಕಾಲಿನ ಪ್ರಾಣಿ. ಚಿಕ್ಕಂದಿನಲ್ಲಿ ಅವಳ ಆಟದ ಸಾಮಾನೆಂದರೆ ಅದೇ.

ಮೂರು ವರ್ಷದಿಂದ ಅಪ್ಪನಿಗೆ ಕೈ ನಡುಗುತ್ತದೆ. ಕ್ಯಾಮೆರಾ ಮುಟ್ಟಿಲ್ಲ. ಮಗಳ ಡ್ರೋನನ್ನು ಕಂಡರೆ ಮೂಗು ಮುರಿಯುವುದು ಮಾತ್ರ ತಪ್ಪಿಲ್ಲ. ತಲೆಯ ಮೇಲಿಂದ ತೆಗೆದರೆ ಟೋಪಿ ಬರುತ್ತದೆಯೇ ಹೊರತು ಮನುಷ್ಯರು ಬರುವುದಿಲ್ಲ ಎಂಬುದು ಅವರ ವಾದ. ಆದರೆ ಕಾರ್ಖಾನೆಗೆ ಐವತ್ತು ತುಂಬಿತು, ಸೋಮವಾರ ಬೆಳಿಗ್ಗೆ ಎಂಟಕ್ಕೆ ಶಿಫ್ಟು ಬದಲಾಗುವಾಗ ಮೂರೂ ಶಿಫ್ಟಿನವರನ್ನು ಸೇರಿಸುತ್ತಾರೆ, ಇಪ್ಪತ್ತೇ ನಿಮಿಷ ಬಿಸ್ಕತ್ತು ಸಾಗುವ ಬೆಲ್ಟು ನಿಲ್ಲಿಸುತ್ತಾರೆ ಎಂದು ಅವಳು ಹೇಳಿದ ದಿನ ಅಪ್ಪ ಎದ್ದುಹೋಗಿ ಬೂಟಿಗೆ ಪಾಲಿಶ್ ಹಾಕತೊಡಗಿದರು. ಅವಳಿಗೆ ಅಂದಿನಿಂದ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಒಬ್ಬರು ಕತ್ತರಿಸಿಹೋದರೂ ಅಪ್ಪನ ಆಸೆಗೆ ಕಲ್ಲು ಬಿದ್ದಂತೆ; ಫೋಟೋಗಾಗಿ ಇನ್ನೊಂದು ಸಲ ಆ ಬೆಲ್ಟು ನಿಲ್ಲುವುದಿಲ್ಲ.

"ಎರಡನ್ನೂ ತಗೊಂಡ್ಹೋಗು," ಎಂದರು ಮಾಮ ಕೊನೆಗೆ. "ಅಂಗಳದಲ್ಲೇ ಹಾರಿಸಿ ನೋಡು. ಸಂಜೆ ಒಂದು ವಾಪಸ್ ಬರ್ಬೇಕು. ಯಾವುದು ಅಂತ ನಾನು ಕೇಳಲ್ಲ."

ಭಾನುವಾರ ಹಗಲು ಕಾರ್ಖಾನೆಯಲ್ಲಿ ಯಂತ್ರಗಳನ್ನು ತೊಳೆಯುವ ಹೊತ್ತು. ಅಂಗಳ ಖಾಲಿ, ಬೆಣ್ಣೆ-ಸಕ್ಕರೆಯ ವಾಸನೆ ಮಾತ್ರ ಗೋಡೆಗೆ ಅಂಟಿಕೊಂಡಂತಿತ್ತು. ಎಪ್ಪತ್ತು ಮೀಟರು ಉದ್ದ, ಐವತ್ತು ಅಗಲ. ಜನರ ಬದಲಿಗೆ ಇಟ್ಟು ನೋಡಲು ಮ್ಯಾನೇಜರು ನಲವತ್ತು ಖಾಲಿ ಡಬ್ಬ ಕೊಡಿಸಿದ್ದರು. ಅಪ್ಪ ಒಂದೊಂದನ್ನೇ ಎದೆಗವಚಿಕೊಂಡು ಹೋಗಿ ಗೋಡೆಯ ಬುಡದವರೆಗೂ, ಮೂಲೆಮೂಲೆಗೂ ಇಟ್ಟು ಬಂದರು. ಹೆಗಲ ಮೇಲೆ ಹಳೆಯ ಮರದ ಸ್ಟ್ಯಾಂಡನ್ನೂ ಹೊತ್ತು ತಂದಿದ್ದರು.

ಮೊದಲು ಹದಿನಾಲ್ಕು. ಡ್ರೋನ್ ಝೇಂಕರಿಸುತ್ತಾ ಮೇಲೆದ್ದು ಮೂವತ್ತು ಮೀಟರಿಗೆ ನಿಂತಿತು. ಕಚೇರಿಯ ಜಗಲಿಯಲ್ಲಿ, ತಗಡಿನ ಸೂರಿನ ಕೆಳಗೆ ನಿಂತು ಅವಳು ಪರದೆ ನೋಡಿದಳು. ಸೊಗಸಾಗಿತ್ತು. ಡಬ್ಬಗಳು ನೆಟ್ಟಗೆ, ಅಂಚು ಚೊಕ್ಕ. ಅಂಗಳ ಅಳೆದು ಹೊಲಿಸಿದ ಅಂಗಿಯಂತೆ ಚೌಕಟ್ಟಿನಲ್ಲಿ ಕೂತಿತ್ತು. ಇದೇ ಸರಿ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಎರಡು ಕಟ್ಟಡಗಳ ನಡುವಿನಿಂದ ಗಾಳಿ ನುಗ್ಗಿತು. ಡ್ರೋನ್ ಒಂದು ಮೊಳ ಜಾರಿ ಮತ್ತೆ ತನ್ನ ಜಾಗಕ್ಕೆ ಬಂತು. ಆ ಗಳಿಗೆಯಲ್ಲಿ ಕ್ಲಿಕ್ಕಾದ ಚಿತ್ರದಲ್ಲಿ ಲಾರಿಗಳ ತೂಕದ ಮನೆಯ ಮೂಲೆಯ ಡಬ್ಬ ಅರ್ಧ ಮಾತ್ರ ಇತ್ತು.

ಅಪ್ಪ ಕನ್ನಡಕ ಮೇಲೇರಿಸಿ ಪರದೆಗೆ ಬಗ್ಗಿದರು. "ಆ ಡಬ್ಬ ಯಾರು?"

"ಯಾರೂ ಅಲ್ಲ ಅಪ್ಪ, ಡಬ್ಬ ಅಷ್ಟೆ. ನಾಳೆ ಗಾಳಿ ಇರಲ್ಲ ಬಿಡು."

"ನಾಳೆ ಆ ಮೂಲೇಲಿ ಒಬ್ಬರು ನಿಂತಿರ್ತಾರೆ ಪುಟ್ಟಿ," ಎಂದರು ಅಪ್ಪ.

ಅವಳು ಲೆನ್ಸು ಬದಲಿಸಿದಳು. ಹನ್ನೆರಡು ಹಾಕಿದ ಕೂಡಲೇ ಹೊಸ ತಕರಾರು. ಮುಂಭಾರ ಹೆಚ್ಚಾಗಿ, ಡ್ರೋನಿನ ಹೊಟ್ಟೆಗೆ ಕ್ಯಾಮೆರಾವನ್ನು ತೂಗುಹಾಕುವ ತೊಟ್ಟಿಲು ತೂಕಡಿಸುವವನ ತಲೆಯಂತೆ ಮುಂದಕ್ಕೆ ಬಾಗಿತು. ಎತ್ತಿ ನಿಲ್ಲಿಸಿದರೆ ಮತ್ತೆ ಬಾಗಿತು. ಹಿಂದೆ ಏನಾದರೂ ಭಾರ ಕಟ್ಟದೆ ಗತ್ಯಂತರವಿರಲಿಲ್ಲ. ಬೀಗದ ಕೈ ಕಟ್ಟಿ ನೋಡಿದಳು, ಕಡಿಮೆಯಾಯಿತು. ಪೆನ್ನು, ಬೀಗದ ಕೈ ಎರಡೂ ಕಟ್ಟಿದಳು, ಅಲುಗಾಡಿತು. ಸಂಜೆಯಾಗುತ್ತಿತ್ತು, ಮಾಮನ ಅಂಗಡಿ ಮುಚ್ಚುವ ಹೊತ್ತು ಹತ್ತಿರ ಬಂದಿತ್ತು. ಅವಳಿಗೆ ಅಳು ಬರುವುದೊಂದು ಬಾಕಿ.

ಬೆನ್ನ ಹಿಂದೆ ಕಿರಕಿರ ಸದ್ದು ಕೇಳಿತು. ಅಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತು ಸ್ಟ್ಯಾಂಡನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ತಲೆಯ ಹಿತ್ತಾಳೆ ತಿರುಪನ್ನು ಬಿಚ್ಚುತ್ತಿದ್ದರು. ನಲವತ್ತು ವರ್ಷ ಅವರ ಕ್ಯಾಮೆರಾವನ್ನು ಬಿಗಿಹಿಡಿದಿದ್ದ ತಿರುಪು ಅದು. ಬೆರಳು ತಾಗಿ ತಾಗಿ ಅಂಚಿನ ಗೆರೆಗಳೆಲ್ಲ ಸವೆದಿದ್ದವು. ನಡುಗುವ ಕೈಗೆ ಅದು ಸುಲಭಕ್ಕೆ ಬರಲಿಲ್ಲ. ಅವಳು ಸಹಾಯಕ್ಕೆ ಹೋಗಲಿಲ್ಲ, ಹೋದರೆ ಗದರುತ್ತಾರೆಂದು ಗೊತ್ತಿತ್ತು.

"ಇದೆಷ್ಟು ತೂಗುತ್ತೆ ನೋಡು," ಎಂದು ಕೊಟ್ಟರು.

ಕ್ಯಾಮೆರಾದ ಹಿಂಬದಿಗೆ ಅದನ್ನು ಟೇಪು ಸುತ್ತಿ ಅಂಟಿಸಿ ಕೈ ಬಿಟ್ಟಳು. ತೊಟ್ಟಿಲು ಒಮ್ಮೆ ಹಿಂದೆ, ಒಮ್ಮೆ ಮುಂದೆ ತೂಗಿ, ನೆಟ್ಟಗೆ ನಿಂತಿತು. ಇಬ್ಬರೂ ಬಗ್ಗಿ ನೋಡಿದರು. ನಿಂತೇ ಇತ್ತು. ಅವಳು ಅಪ್ಪನ ಬೆನ್ನಿಗೆ ಗುದ್ದಿದಳು, ಅಪ್ಪ ಯಾವತ್ತೂ ಇಲ್ಲದೆ ಹಲ್ಲು ಕಾಣುವ ಹಾಗೆ ನಕ್ಕರು.

ಹನ್ನೆರಡರ ಚಿತ್ರದಲ್ಲಿ ಅಂಗಳ ಇಡಿಯಾಗಿ ಬಂದಿತ್ತು. ನಲವತ್ತಕ್ಕೆ ನಲವತ್ತು ಡಬ್ಬ. ಮೂಲೆಯವು ಹೊರಕ್ಕೆ ವಾಲಿ, ಎಳೆದಂತೆ ಉದ್ದವಾಗಿದ್ದವು. ಆಚೀಚೆ ಹತ್ತು ಹತ್ತು ಮೀಟರು ಬೇಡದ ರಸ್ತೆಯೂ ಬಂದಿತ್ತು. ಅದನ್ನು ಆಮೇಲೆ ಕತ್ತರಿಸಿದರಾಯಿತು ಎಂದಳು. ಆದರೆ ವಾಲುವುದಕ್ಕೆ ತನ್ನ ಬಳಿ ಔಷಧಿ ಇಲ್ಲ ಎಂದೂ ಒಪ್ಪಿಕೊಂಡಳು.

ಅಪ್ಪ ಆ ಉದ್ದನೆಯ ಡಬ್ಬದ ಮೇಲೆ ಬೆರಳಿಟ್ಟರು. "ಇಲ್ಲದೇ ಇರೋದಕ್ಕಿಂತ ಉದ್ದ ಇರೋದು ವಾಸಿ. ಇದನ್ನೇ ಹಾಕು."

ಹದಿನಾಲ್ಕು ಆ ಸಂಜೆ ಮಾಮನ ಅಂಗಡಿಗೆ ವಾಪಸಾಯಿತು.

ಸೋಮವಾರ ಎಂಟಕ್ಕೆ ಸೈರನ್ ಕೂಗಿದ್ದೇ ತಡ, ಮೂರು ಬಾಗಿಲಿನಿಂದ ಬಿಳಿ ಟೋಪಿಗಳು ಹರಿದುಬಂದವು. ರಾತ್ರಿಯವರು ಕಣ್ಣುಜ್ಜುತ್ತಾ, ಬೆಳಗಿನವರು ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ, ಸಂಜೆಯವರು ರಜೆಯ ದಿನದಂತೆ ನಗುತ್ತಾ. ಹದಿನೆಂಟು ವರ್ಷದಿಂದ ಒಂದೇ ಯಂತ್ರದ ಮುಂದೆ, ಬೇರೆ ಬೇರೆ ಹೊತ್ತಿನಲ್ಲಿ, ಒಂದೇ ಸ್ಟೂಲಿನ ಮೇಲೆ ಕೂತ ಇಬ್ಬರು ಹೆಂಗಸರು ಈಗ ಮೊದಲ ಸಲ ಮುಖ ನೋಡಿಕೊಂಡರು. ಸ್ಟೂಲಿಗೆ ಮೆತ್ತೆ ಹೊಲಿದವರು ನೀವೇನಾ ಎಂದು ಒಬ್ಬಳು ಕೇಳಿ ಇನ್ನೊಬ್ಬಳ ಕೈ ಹಿಡಿದುಕೊಂಡಳು. ರಾತ್ರಿಯ ಗಂಡಂದಿರು ಬೆಳಗಿನ ಹೆಂಡತಿಯರನ್ನು ಹುಡುಕುತ್ತಿದ್ದರು. ಸಾಲು ಕಟ್ಟಿಸುವುದರಲ್ಲೇ ಹತ್ತು ನಿಮಿಷ ಹೋಯಿತು.

ಡ್ರೋನ್ ಮೇಲೇರಿತು. ಜಗಲಿಯ ಸೂರಿನ ಕೆಳಗೆ ನಿಂತು ಅವಳು ಪರದೆಗೆ ಬಗ್ಗಿದಳು. ಪರದೆಯ ತುಂಬ ಬಿಳಿ ಚುಕ್ಕೆಗಳು. ಮೂಲೆಯಿಂದ ಮೂಲೆಗೆ ಎಲ್ಲರೂ ಇದ್ದರು. ಆದರೆ ಅಪ್ಪ ಹೇಳಿದ್ದೇ ನಿಜವಾಗಿತ್ತು. ಬರೀ ಟೋಪಿ. ಮ್ಯಾನೇಜರು ಧ್ವನಿವರ್ಧಕದಲ್ಲಿ, ದಯವಿಟ್ಟು ಮೇಲೆ ನೋಡಬೇಕಾಗಿ ವಿನಂತಿ ಎಂದು ನೋಟಿಸು ಓದಿದ ಹಾಗೆ ಓದಿದರು. ನೂರು ಜನ ಮೇಲೆ ನೋಡಿದರು, ಉಳಿದವರು ಪಕ್ಕದವರ ಜೊತೆ ಹರಟುತ್ತಿದ್ದರು. ಮತ್ತೆ ಓದಿದರು. ಮೊದಲು ನೋಡಿದ ನೂರು ಜನ ಕತ್ತು ನೋವೆಂದು ಕೆಳಗೆ ನೋಡಿದರು. ಐದು ನಿಮಿಷ ಉಳಿದಿತ್ತು, ಆಮೇಲೆ ನಾಲ್ಕು.

ಪಕ್ಕಕ್ಕೆ ತಿರುಗಿದರೆ ಅಪ್ಪ ಇರಲಿಲ್ಲ.

"ಏಯ್, ಸಂಜೆ ಶಿಫ್ಟು!" ಎಂಬ ಕೂಗು ಗೇಟಿನ ಕಡೆಯಿಂದ ಬಂತು. ಧ್ವನಿವರ್ಧಕವನ್ನು ಮೀರಿಸುವ, ನಲವತ್ತು ವರ್ಷ ಸಾಲುಗಳನ್ನು ನೇರ ಮಾಡಿದ ಗಂಟಲು. "ಮದುವೆ ಮಾತುಕತೆ ಆಮೇಲೆ ಆಡಿ. ಗಲ್ಲ ಎತ್ತಿ. ಹಿಂದಿನ ಸಾಲು, ನಿಮಗೂ ಹೇಳಿದ್ದು."

ಅಂಗಳಕ್ಕೆ ಅಂಗಳವೇ ನಕ್ಕಿತು. ಹಳಬರು ದನಿ ಗುರುತು ಹಿಡಿದು, ಫೋಟೋದವರು ಬಂದಿದ್ದಾರೆ ಎಂದರು. ಆರುನೂರ ಹನ್ನೆರಡು ಗಲ್ಲ ಒಟ್ಟಿಗೆ ಮೇಲೆದ್ದವು. ಪರದೆಯ ಮೇಲೆ ಟೋಪಿಗಳೆಲ್ಲ ಒಂದೇ ಗಳಿಗೆಯಲ್ಲಿ ಮುಖಗಳಾದವು, ನಗುವ ಮುಖಗಳು. ಅವಳಿಗೆ ಕೂಗಿಬಿಡಬೇಕು ಅನ್ನಿಸಿತು.

ಆಗಲೇ ಪರದೆಯ ಅಂಚಿನಲ್ಲಿ ಇನ್ನೊಬ್ಬರನ್ನು ಕಂಡಳು. ಗೇಟಿನಾಚೆ, ಬಿಸಿಲನ್ನು ಬೆನ್ನಿಗಿಟ್ಟುಕೊಂಡು, ಕೈ ಮೇಲೆತ್ತಿ ಅಪ್ಪ ನಿಂತಿದ್ದರು. ಗೋಡೆಯಾಚೆ ನಿಂತರೆ ಚಿತ್ರದ ಹೊರಗಿದ್ದಂತೆ ಎಂಬುದು ಅವರ ಹಳೆಯ ಲೆಕ್ಕ. ಹನ್ನೆರಡಕ್ಕೆ ಆ ಗೋಡೆ ಯಾವ ಲೆಕ್ಕ? ಸ್ವಲ್ಪ ಪಕ್ಕಕ್ಕೆ ಸರಿ ಅಪ್ಪ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಅವಳು ಕೂಗಲಿಲ್ಲ.

"ಒಂದು..." ಎಂದರು ಅಪ್ಪ. "ಎರಡು..."

ಅವಳು ಒತ್ತಿದಳು. ಅಪ್ಪ ಯಾವಾಗಲೂ ಎರಡಕ್ಕೇ ಒತ್ತುತ್ತಿದ್ದುದು. ಮೂರು ಅನ್ನುವಷ್ಟರಲ್ಲಿ ಜನ ಗೊಂಬೆಗಳಾಗಿಬಿಡುತ್ತಾರೆ. ಆ ಗುಟ್ಟು ಮನೆಯವರಿಗಷ್ಟೇ ಗೊತ್ತು.

ಮೂರು ದಿನದ ಮೇಲೆ ಪ್ರಿಂಟು ಬಂತು, ಊಟದ ಮೇಜಿನಷ್ಟು ಅಗಲದ್ದು. ಸುತ್ತ ಎರಡು ಬೆರಳಿನ ಬಿಳಿ ಅಂಚಿತ್ತು. ಉಳಿದ ಕಡೆ ಬೇಡದ ರಸ್ತೆಯನ್ನು ಕತ್ತರಿಸಿದ್ದರೂ ಗೇಟಿನ ಕಡೆಯನ್ನು ಅವಳು ಬೇಕೆಂದೇ ಹಾಗೇ ಬಿಟ್ಟಿದ್ದಳು. ಅಪ್ಪ ಭೂತಗನ್ನಡಿ ಹಿಡಿದು ಮೂಲೆಯಿಂದ ಮೂಲೆಗೆ ಎಣಿಸಿದರು. ತೂಕದ ಮನೆಯ ಮೂಲೆಯಲ್ಲಿ ಒಬ್ಬ ಮುದುಕ ಬಿದಿರಿನಂತೆ ಉದ್ದವಾಗಿ ವಾಲಿ ನಗುತ್ತಿದ್ದುದನ್ನು ಕಂಡು, ಇವನು ನಿಜಕ್ಕೂ ನಾಲ್ಕೂಮುಕ್ಕಾಲು ಅಡಿ, ಇಷ್ಟುದ್ದ ಮಾಡಿದ್ದಕ್ಕೆ ನಿನಗೆ ಕೈಮುಗಿಯುತ್ತಾನೆ ಎಂದರು. ಎಣಿಕೆ ಮುಗಿಯಿತು. ಆರುನೂರ ಹನ್ನೆರಡು ಸರಿಯಾಯಿತು. ಆಮೇಲೆ ಭೂತಗನ್ನಡಿ ಗೇಟಿನ ಬಳಿ ಬಂದು ನಿಂತಿತು.

ಅಲ್ಲಿ ಒಬ್ಬರು ಹೊರಕ್ಕೆ ವಾಲಿಕೊಂಡು, ಕೈ ಎತ್ತಿ ನಿಂತಿದ್ದರು. ನೆರಳು ಗೇಟು ದಾಟಿ ಒಳಗೆ ಬಂದು ಮೊದಲ ಸಾಲಿನ ಹತ್ತಿರಕ್ಕೆ ಚಾಚಿತ್ತು. ಮೂವತ್ತು ಮೀಟರಿನಿಂದ ಕೈಯ ನಡುಕ ಕಾಣುವುದಿಲ್ಲ.

ಅಪ್ಪ ಮೊಳೆಯಲ್ಲಿ ತೂಗುಹಾಕಿದ್ದ ಸ್ಟೀಲ್ ಸ್ಕೇಲನ್ನು ತೆಗೆದು ಚಿತ್ರದಲ್ಲಿನ ಗೋಡೆಯ ಗೆರೆಗೆ ಸರಿಯಾಗಿ ಇಟ್ಟರು. ಬ್ಲೇಡು ಹಿಡಿದರು. "ಇದನ್ನ ಹೇಗೆ ಬಿಟ್ಟೆ ನೀನು?"

"ಆ ಮೂಲೇಲಿ ಒಬ್ಬರು ನಿಂತಿದಾರೆ ಅಪ್ಪ," ಎಂದಳು.

ಸ್ಕೇಲು ಅಲ್ಲೇ ಇತ್ತು. ಹೊರಗೆ ಯಾರೋ ಸೈಕಲ್ಲಿನ ಬೆಲ್ಲು ಹೊಡೆದುಕೊಂಡು ಹೋದರು. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಸ್ಕೇಲನ್ನು ಎರಡೂ ಕೈಯಿಂದ ಮೆಲ್ಲಗೆ ಹೊರಕ್ಕೆ ತಳ್ಳಿದರು, ಗೋಡೆಯನ್ನು ದಾಟಿ, ಎತ್ತಿದ ಕೈಯನ್ನು ದಾಟಿ, ಚಿತ್ರ ಮುಗಿಯುವವರೆಗೆ. ಮಗಳು ಸ್ಕೇಲಿನ ಒಂದು ತುದಿಯನ್ನು ಒತ್ತಿ ಹಿಡಿದಳು. ಬ್ಲೇಡು ಸರ್ರನೆ ಇಳಿಯಿತು.

ಕತ್ತರಿಸಿದ ಪಟ್ಟಿ ನೆಲಕ್ಕೆ ಬಿತ್ತು. ಅಭ್ಯಾಸಬಲದಿಂದ ಅವಳು ಬಗ್ಗಿ ಅದನ್ನು ಎತ್ತಿಕೊಂಡು, ತಿರುಗಿಸಿ ನೋಡಿದಳು. ಎರಡು ಕಡೆಯೂ ಬರೀ ಬಿಳಿ.