ಬಲಗಿವಿಯ ಎರಡು ತೂತು

ಪೆಟ್ಟಿಗೆಯ ಒಂದು ಅಂಚನ್ನು ಇಲೋನಾ ಹಿಡಿದಿದ್ದಳು, ಇನ್ನೊಂದು ಅಂಚನ್ನು ವಾಲ್ಟಿ ಬಿಟ್ಟಿರಲಿಲ್ಲ. ಹಳೆಯ ಬೂಟಿನ ಪೆಟ್ಟಿಗೆ, ಸುತ್ತ ಸೆಣಬಿನ ದಾರ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಂಚಿನ ಸ್ಮಶಾನದ ಗೇಟಿನ ಬಳಿ ಇಬ್ಬರೂ ನಿಂತಿದ್ದರು. ಅವನ ಅಕ್ಕ ಅನೆಲೀಸಳನ್ನು ಮಣ್ಣು ಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ.

"ಇದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ," ಅಂದ ವಾಲ್ಟಿ. "ನಿಮ್ಮ ಹೆಸರು ಬರೆದಿಟ್ಟಿದ್ದಾಳೆ, ಅದಕ್ಕೆ ಕೊಡ್ತಿದ್ದೀನಿ. ಆದ್ರೆ ನನ್ನೆದುರೇ ಬಿಚ್ಚಬೇಕು."

"ಯಾಕೆ?"

"ಮೂವತ್ತೆರಡು ವರ್ಷದಲ್ಲಿ ಒಂದು ಸಲಾನೂ ಅವಳ ಬಾಗಿಲು ತಟ್ಟಿದವರಲ್ಲ ನೀವು. ಇವತ್ತು ಕಪ್ಪು ಕೋಟು ಹಾಕ್ಕೊಂಡು ಬಂದಿದ್ದೀರಿ. ನನಗೆ ಅನುಮಾನ ಬರಲ್ವಾ?"

ಅನುಮಾನ ಇಲೋನಾಗೂ ಇತ್ತು. ತನ್ನ ಹೆಸರು ಹಾಳಾಗುವುದರಲ್ಲಿದ್ದದ್ದು ಈ ಹೆಂಗಸಿನಿಂದ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು. ಸತ್ತ ಮೇಲೆ ಪೆಟ್ಟಿಗೆ ಕಳಿಸುವಂಥ ಸಲಿಗೆ ಇಬ್ಬರ ನಡುವೆ ಉಳಿದಿರಲಿಲ್ಲ. ಸ್ವಲ್ಪ ದೂರದಲ್ಲಿ ಊರುಗೋಲಿಗೆ ಭಾರ ಬಿಟ್ಟು ನಿಂತಿದ್ದ ಪ್ರೊಫೆಸರ್ ಕಾಫ್ಲಿಶ್ ಕೂಡ ಪೆಟ್ಟಿಗೆಯಿಂದ ಕಣ್ಣು ತೆಗೆದಿರಲಿಲ್ಲ. ಇಬ್ಬರು ಹೆಂಗಸರೂ ಒಂದು ಕಾಲಕ್ಕೆ ಅವರ ಪ್ರಯೋಗಾಲಯದಲ್ಲಿದ್ದವರು. ಒಳಗೆ ಹಳೆಯ ನೋಟುಬುಕ್ಕೇನಾದರೂ ಇದೆಯೇ ಎಂದು ಅವರು ಆಗಲೇ ಎರಡು ಸಲ ಕೇಳಿಯಾಗಿತ್ತು.

"ಅಮ್ಮ, ಚಳಿ," ಅಂದಳು ಇಲೋನಾಳ ಮಗಳು ಜೋಫಿ. "ಎಲ್ಲಿ ಬಿಚ್ಚಿದ್ರೂ ಒಂದೇ. ಊಟದ ಜಾಗಕ್ಕೆ ಹೋಗೋಣ."

*

ಇಲೋನಾ ಹಂಗೇರಿಯಿಂದ ಬಂದ ಹೊಸದರಲ್ಲಿ ಪ್ರಯೋಗಾಲಯದ ಇಲಿಮನೆಯ ಬಾಗಿಲು ತೆರೆದವಳು ಅನೆಲೀಸ್. ನೂರಾರು ಪಂಜರಗಳ ನಡುವೆ ಅವಳು ಇಲಿಯ ಬಾಲದ ಬುಡ ಹಿಡಿದು ಜಾಲರಿಯ ಮೇಲೆ ಬಿಡುತ್ತಿದ್ದಳು. ಇಲಿ ಮುಂದಕ್ಕೆ ಜಗ್ಗುತ್ತಿತ್ತು, ಇವಳು ಹಿಂದಿನಿಂದ ಬಾಗಿ ನಂಬರಿಗಾಗಿ ಕಿವಿಗೆ ಹಾಕಿದ ತೂತು ಓದುತ್ತಿದ್ದಳು.

"ಬಲಗಿವಿಯ ತೂತು ಬಿಡಿ ಲೆಕ್ಕ, ಎಡಗಿವಿಯದು ಹತ್ತರ ಲೆಕ್ಕ. ಬಲಕ್ಕೆ ಎರಡು ತೂತಿದ್ರೆ ಇದು ಎರಡು. ಎಡಕ್ಕೆ ಎರಡಿದ್ರೆ ಇಪ್ಪತ್ತು. ಇಷ್ಟೇ."

ಯಾರ ಬಲ ಎಂದು ಅವಳು ಹೇಳಲಿಲ್ಲ. ಅವಳ ಕೈಯಲ್ಲಿ ಇಲಿಯ ಬಲವೂ ತನ್ನ ಬಲವೂ ಒಂದೇ ಆಗಿರುತ್ತಿತ್ತು.

ಈ ಇಲಿಗಳಿಂದ ನಿಮಗೇನು ಬೇಕು ಎಂದು ಅವಳೊಮ್ಮೆ ಕೇಳಿದಾಗ, ಇಲೋನಾ ಪಂಜರದ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದಳು. ಮೂಳೆಮಜ್ಜೆಯಲ್ಲಿ ಹುಟ್ಟುವ ಬಿ ಕೋಶ ರೋಗದ ಗುರುತು ಹಿಡಿಯಬೇಕಾದರೆ ಮೈಮೇಲೆ ಒಂದು ಗ್ರಾಹಕ, ಎಂದರೆ ಹಿಡಿಯುವ ಕೊಂಡಿ, ಬೆಳೆಸಿಕೊಳ್ಳಬೇಕು. ಅದಕ್ಕೆ ಭಾರದ ಎಳೆ, ಹಗುರದ ಎಳೆ ಎಂದು ಎರಡು ಬಗೆ. ಭಾರದ್ದು ಮೊದಲು ತಯಾರಾಗುತ್ತದೆ. ಹಗುರದ್ದು ಇನ್ನೂ ಬಂದಿರುವುದಿಲ್ಲ. ಆಗ ಒಂದು ಬದಲಿ ಎಳೆ ಬಂದು ಆ ಜಾಗದಲ್ಲಿ ನಿಲ್ಲುತ್ತದೆ. ಭಾರದ ಎಳೆ ಅದರ ಜೊತೆ ಸರಿಯಾಗಿ ಕೂಡಿಕೊಂಡರೆ ಕೋಶ ಬದುಕುತ್ತದೆ, ಒಂದು ಹಲವಾಗುತ್ತದೆ. ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಆ ಬದಲಿ ಎಳೆಯೇ ಇಲ್ಲದ ಇಲಿಗಳಲ್ಲಿ ಏನಾಗುತ್ತದೆ ಎಂಬುದೇ ಇಲೋನಾಳ ಕೆಲಸ.

"ಆಮೇಲೆ ಆ ಬದಲಿಯವನ ಗತಿ?"

"ನಿಜವಾದ ಹಗುರ ಎಳೆ ಬಂದ್ಮೇಲೆ ಅದು ಯಾಕೆ ಬೇಕು? ಕಾಣಿಸೋದೇ ಇಲ್ಲ."

"ಪಾಪ," ಅಂದಿದ್ದಳು ಅನೆಲೀಸ್. "ಒಂದು ಕಾಫೀನೂ ಕುಡಿಸದೆ ಕಳಿಸಿಬಿಡ್ತೀರಾ?"

*

ಊಟದ ಕೋಣೆಯಲ್ಲಿ ಹಂದಿಮಾಂಸದ ತೆಳು ಹೋಳುಗಳು, ಆಲೂ ಸಲಾಡು, ಬಿಳಿ ವೈನು. ಉಳಿದವರು ಬೇರೆ ಮೇಜುಗಳಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿದ್ದರು. ಈ ನಾಲ್ವರು ಒಂದೇ ಮೇಜಿಗೆ ಕೂತರು. ಚರ್ಚಿನಲ್ಲಿ ಪಾದ್ರಿ ಓದಿದ ಅನೆಲೀಸಳ ಜೀವನಕತೆಯನ್ನು ಬರೆದವನು ವಾಲ್ಟಿ. ಎರಡು ಪುಟ. ಅದರಲ್ಲಿ ಅವಳ ಕೆಲಸದ ಕೊನೆಯ ಒಂಬತ್ತು ವರ್ಷ ಇರಲಿಲ್ಲ.

ಪ್ರೊಫೆಸರ್ ಗ್ಲಾಸು ಹಿಡಿದು ಎದ್ದರು. ಅನೆಲೀಸಳಷ್ಟು ಜೋಪಾನವಾಗಿ ಇಲಿ ಸಾಕಿದವರನ್ನು ತಾವು ಕಂಡಿಲ್ಲ ಎಂದರು. ಒಂದೇ ಒಂದು ಸಲ ತಪ್ಪಿದಳು, ಅದನ್ನೂ ತಾನಾಗಿ ಒಪ್ಪಿಕೊಂಡಳು, ಅದೂ ದೊಡ್ಡತನವೇ ಎಂದರು.

ವಾಲ್ಟಿ ಗ್ಲಾಸು ಮುಟ್ಟಲಿಲ್ಲ.

"ಪ್ರೊಫೆಸರ್‌ರೇ, ನನ್ನಕ್ಕ ಅಡುಗೆಮನೆ ಡಬ್ಬಿಗಳಿಗೂ ಚೀಟಿ ಅಂಟಿಸ್ತಿದ್ಲು. ಉಪ್ಪಿನ ಡಬ್ಬಿಗೆ ಸಕ್ಕರೆ ಹಾಕಿದವಳಲ್ಲ. ಅಂಥವಳು ಪಂಜರ ಅದಲು ಬದಲು ಮಾಡಿದ್ಲು ಅಂತ ನೀವು ನಂಬಿದ್ರಾ?"

"ಅವಳೇ ಹೇಳಿದ್ದಲ್ಲವೇ?"

"ಯಾರು ಹೇಳಿಸಿದ್ರು ಅಂತ ಕೇಳ್ತಿದ್ದೀನಿ." ಅವನು ಕೇಳಿದ್ದು ಪ್ರೊಫೆಸರರನ್ನು, ನೋಡಿದ್ದು ಇಲೋನಾಳನ್ನು.

*

ಇಪ್ಪತ್ತನೇ ನಂಬರಿನ ಇಲಿಯಲ್ಲಿ ಬದಲಿ ಎಳೆ ಇರಬಾರದಿತ್ತು. ಆದರೂ ಅದರ ಮಜ್ಜೆಯಲ್ಲಿ ಬಿ ಕೋಶಗಳು ತುಂಬಿ ತುಳುಕುತ್ತಿದ್ದವು. ಬದಲಿಯಿಲ್ಲದೆಯೂ ದಾಟುವ ಬೇರೆ ದಾರಿಯಿದೆ ಎಂದು ಇಲೋನಾ ಬರೆದಳು, ಪ್ರೊಫೆಸರ್ ದೊಡ್ಡ ಸಭೆಯಲ್ಲಿ ಹೇಳಿದರು. ನಾಲ್ಕು ತಿಂಗಳಲ್ಲಿ ಬೇರೆ ಊರಿನವರು ಅದು ಸುಳ್ಳೆಂದು ತೋರಿಸಿದರು. ಬೇಕೆಂದೇ ಕಟ್ಟಿದ ಕತೆಯೋ ಎಂಬ ಪ್ರಶ್ನೆ ಎದ್ದಿತು. ಇಲೋನಾಳ ಕೆಲಸ ವರ್ಷಕ್ಕೊಮ್ಮೆ ನವೀಕರಿಸಬೇಕಾದದ್ದು, ಅವಳಿಗೂ ಪುಟ್ಟ ಜೋಫಿಗೂ ಈ ದೇಶದಲ್ಲಿರುವ ಪರವಾನಗಿ ನಿಂತಿದ್ದು ಆ ಕೆಲಸದ ಮೇಲೆ.

ಒಂದು ಸೋಮವಾರ ಅನೆಲೀಸ್ ಕೆಲಸದ ಅಂಗಿಯಲ್ಲೇ ಸಭೆಗೆ ಬಂದು, ಪಂಜರದ ಚೀಟಿ ತಪ್ಪಾಗಿ ಸಿಕ್ಕಿಸಿದ್ದು ತಾನೇ ಅಂದಳು. ಅವಳನ್ನು ಪಂಜರ ತೊಳೆಯುವ ಕೋಣೆಗೆ ಹಾಕಿದರು. ನಿವೃತ್ತಿಯ ತನಕ ಅವಳು ಆ ಹಬೆಯಲ್ಲೇ ಇದ್ದಳು.

ಇಲೋನಾ ಉಳಿದಳು, ಮುಂದೆ ತಾನೂ ಪ್ರೊಫೆಸರಾದಳು. ಅಷ್ಟು ಎಚ್ಚರದ ಹೆಂಗಸು ತಪ್ಪಿದ್ದು ತನ್ನ ವಿಷಯದಲ್ಲಿ ಮಾತ್ರ ಏಕೆ? ಹೊರಗಿನವಳೆಂದು ಬೇಕಂತಲೇ ಮಾಡಿದಳೇ? ಕೆಲಸದ ಹೊತ್ತಿನಲ್ಲಿ ಮಗುವನ್ನು ಅನೆಲೀಸಳ ಬಳಿ ಬಿಡುತ್ತಿದ್ದದ್ದನ್ನು ಆ ವಾರದಿಂದಲೇ ಅವಳು ನಿಲ್ಲಿಸಿದ್ದಳು.

*

ಇಲೋನಾ ದಾರ ಬಿಚ್ಚಿದಳು. ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು.

ನೋಟುಬುಕ್ಕಿರಲಿಲ್ಲ. ಪತ್ರವೂ ಇರಲಿಲ್ಲ. ಬೂದು ಉಣ್ಣೆಬಟ್ಟೆಯಲ್ಲಿ ಹೊಲಿದ ಅಂಗೈಯಗಲದ ಒಂದು ಇಲಿ ಇತ್ತು. ಬಾಲ ಸವೆದು ನೂಲಾಗಿತ್ತು, ಒಂದು ಕಿವಿಯಲ್ಲಿ ಎರಡು ತೂತಿದ್ದವು.

"ಅಯ್ಯೋ, ಇದು ನಂದು," ಅಂದಳು ಜೋಫಿ. ಮೂವತ್ತೇಳು ವರ್ಷದವಳು ಎರಡೂ ಕೈ ಚಾಚಿ ತೆಗೆದುಕೊಂಡಳು. "ಅನೆಲೀಸ್ ಅತ್ತೆ ನನಗೆ ಲೆಕ್ಕ ಕಲಿಸೋಕೆ ಹೊಲಿದಿದ್ದು. ಇವನ ಹೆಸರು ಇಪ್ಪತ್ತು."

"ನಮ್ಮಕ್ಕ ಅದನ್ನ ಎರಡು ಅಂತಿದ್ಲು," ಅಂದ ವಾಲ್ಟಿ. "ಕಿಟಕಿಯಲ್ಲೇ ಇಟ್ಟಿದ್ಲು, ಇಷ್ಟು ವರ್ಷ."

"ಹೌದೌದು, ಅದಕ್ಕೇ ಜಗಳ. ನಾನು ಇವನನ್ನ ಹೀಗೆ ಮಲಗಿಸ್ತಿದ್ದೆ." ಜೋಫಿ ಇಲಿಯನ್ನು ಬೆನ್ನ ಮೇಲೆ ಮಲಗಿಸಿ ಹೊಟ್ಟೆಗೆ ಊಟದ ಕರವಸ್ತ್ರ ಹೊದಿಸಿದಳು. "ಅಮ್ಮ ಮೇಜಿನ ಮೇಲೆ ಹೀಗೇ ಮಲಗಿಸಿ ಓದೋದು ನೋಡಿದ್ದೆನಲ್ಲ. ಎಡಕ್ಕೆ ಎರಡು ತೂತು, ಇಪ್ಪತ್ತು. ಒಂದಿನ ಅತ್ತೆ, ಇನ್ನೊಂದು ಸಲ ಮಲಗಿಸು ಅಂದ್ರು. ಮತ್ತೊಂದು ಸಲ ಅಂದ್ರು. ಆಮೇಲೆ ಒಂದು ಇಡೀ ಚಾಕಲೇಟು ಕೊಟ್ಟು, ಇದನ್ನ ಯಾರಿಗೂ ಹೇಳ್ಬೇಡ ಪುಟ್ಟಿ ಅಂದ್ರು. ನಾನು ಚಾಕಲೇಟಿನ ವಿಷಯ ಅಂದ್ಕೊಂಡಿದ್ದೆ."

"ಯಾವಾಗ?" ಅಂದಳು ಇಲೋನಾ.

"ಅದೇ ಕೊನೇ ಸಲ. ಆಮೇಲೆ ನೀನು ನನ್ನ ಅಲ್ಲಿ ಬಿಡಲೇ ಇಲ್ವಲ್ಲ."

ಇಲೋನಾ ಮೇಜಿನ ಮೇಲಿನ ಇಲಿಯನ್ನು ನೋಡಿದಳು. ಮಜ್ಜೆ ತೆಗೆಯಲು ಇಲಿಯನ್ನು ಹೀಗೆಯೇ ಅಂಗಾತ ಮಲಗಿಸುವುದು. ಮೊದಲೆಲ್ಲ ಅವಳಿಗೆ ಒಂದೇ ಬಗೆಯ ಇಲಿಗಳ ಪಂಜರ ಬರುತ್ತಿತ್ತು, ಕಿವಿ ನೋಡುವ ಅಗತ್ಯವಿರಲಿಲ್ಲ. ಬದಲಿ ಎಳೆಯಿದ್ದವು, ಇಲ್ಲದವು ಎರಡೂ ಬಗೆಯ ಮರಿಗಳು ಒಟ್ಟಿಗೆ ಬಂದದ್ದು ಇಪ್ಪತ್ತನೇ ನಂಬರಿನ ಆ ತಿಂಗಳೇ. ಅಂಗಾತ ಮಲಗಿದ ಇಲಿಯ ಬಲಗಿವಿ ಅವಳ ಎಡಕ್ಕಿತ್ತು. ಇಪ್ಪತ್ತೆಂದು ಅವಳು ಅಂದು ಓದಿದ್ದು ಬದಲಿ ಎಳೆಯಿದ್ದ ಎರಡನೇ ನಂಬರಿನ ಇಲಿಯನ್ನು.

"ಮಕ್ಕಳಾಟ, ಬಿಡಿ," ಅಂದರು ಪ್ರೊಫೆಸರ್ ಬೇಗನೆ. "ಈಗ ಅದನ್ನೆಲ್ಲ..."

ಇಲೋನಾ ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಜೋಫಿಗೆ ಏನೂ ಹೊಳೆದಿರಲಿಲ್ಲ. ವಾಲ್ಟಿ ಮಾತ್ರ ಕಣ್ಣು ಕಿರಿದು ಮಾಡಿ ಇಲಿಯನ್ನೂ ಇಲೋನಾಳನ್ನೂ ನೋಡುತ್ತಿದ್ದ.

"ವಾಲ್ಟಿ," ಅಂದಳು ಇಲೋನಾ. "ನಿಮ್ಮಕ್ಕ ಏನನ್ನೂ ಅದಲು ಬದಲು ಮಾಡಿರಲಿಲ್ಲ. ನಂಬರು ತಪ್ಪು ಓದಿದ್ದು ನಾನು. ಅವರಿಗೆ ಗೊತ್ತಿತ್ತು. ನನ್ನನ್ನ, ಜೋಫೀನ ವಾಪಸ್ ಊರಿಗೆ ಕಳಿಸಿಬಿಡ್ತಾರೆ ಅಂತ ತಮ್ಮ ಮೇಲೆ ಹಾಕ್ಕೊಂಡ್ರು."

ಪಕ್ಕದ ಮೇಜಿನವರು ತಿರುಗಿ ನೋಡಿದರು. ವಾಲ್ಟಿ ಕೋಟಿನ ಒಳಜೇಬಿನಿಂದ, ಪಾದ್ರಿ ಓದಿ ಹಿಂದಿರುಗಿಸಿದ್ದ ಎರಡು ಪುಟ ತೆಗೆದು, ಮಡಿಕೆ ಬಿಡಿಸಿ ಅವಳ ಮುಂದೆ ಇಟ್ಟ. ಪಕ್ಕದಲ್ಲಿ ಪೆನ್ನು ಇಟ್ಟ.

"ಕೆಳಗೆ ಜಾಗ ಇದೆ," ಅಂದ. "ಬರೀರಿ. ಇವರೆಲ್ಲ ಮನೆಗೆ ಹೋಗೋದ್ರೊಳಗೆ ಓದ್ತೀನಿ."

ಇಲೋನಾ ಬರೆಯತೊಡಗಿದಳು. ಯಾರೋ ಬಾಗಿಲು ತೆರೆದರು, ತಣ್ಣನೆ ಗಾಳಿಗೆ ಕಾಗದದ ತುದಿ ಎದ್ದಿತು. ಜೋಫಿ ಕರವಸ್ತ್ರ ಸರಿಸಿ, ಇಲಿಯನ್ನು ಎತ್ತಿ, ಅದರ ನಾಲ್ಕು ಕಾಲ ಮೇಲೆ ನಿಲ್ಲಿಸಿ ಕಾಗದದಂಚಿಗೆ ಭಾರವಿಟ್ಟಳು. ಇಲಿಯ ಬೆನ್ನು ಅಮ್ಮನ ಕಡೆಗಿತ್ತು. ಎರಡು ತೂತು ಬಲಗಡೆ ಇದ್ದವು.