ಥರ್ಮಾಮೀಟರ್ ಪೆಟ್ಟಿಗೆಯ ಎತ್ತರ

ಕಾಫಿ ಯಂತ್ರ ಗುರ್ರೆನ್ನುತ್ತಿದೆ, ಲೋಟ ತುಂಬಿ ಚೆಲ್ಲುತ್ತಿದ್ದರೂ ಅವಳಿಗೆ ಪರಿವೆಯಿಲ್ಲ, ಕಣ್ಣಿಗೆ ಕಟ್ಟಿರುವುದು ನಕ್ಷೆಯ ಆ ಗೆರೆಯೊಂದೇ — ಧ್ರುವದ ಉಳಿದೆಲ್ಲ ಹವಾಮಾನ ಕೇಂದ್ರಗಳ ಉಷ್ಣಾಂಶ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಇದೊಂದು ಮಾತ್ರ ಹಟಮಾರಿ ಮಗುವಿನಂತೆ ಇಳಿಯುತ್ತದೆ, ಮತ್ತು ಅಷ್ಟೂ ವರ್ಷ ಅಲ್ಲಿ ಅಳತೆ ಬರೆದವನು ಅಪ್ಪ. ಬಿಟ್ಟುಬಿಡಮ್ಮ ಆ ಕೇಂದ್ರಾನ, ಎಂದಿದ್ದರು ಬೆಳಿಗ್ಗೆ ವಿಭಾಗದ ಮುಖ್ಯಸ್ಥರು, ಯಾರೋ ಪುಣ್ಯಾತ್ಮ ಬೆಚ್ಚಗೆ ಒಳಗೆ ಕೂತು ಮನಸ್ಸಿಗೆ ಬಂದದ್ದು ಗೀಚಿದ್ದಾನೆ, ಇವತ್ತಿನ ಸಭೇಲಿ ಅದನ್ನ ಪಟ್ಟಿಯಿಂದ ಕಿತ್ತುಹಾಕೋಣ — ಆ ಪುಣ್ಯಾತ್ಮ ನಮ್ಮಪ್ಪ ಸಾರ್ ಎನ್ನಲು ನಾಲಿಗೆ ಏಳಲಿಲ್ಲ, ಥೂ, ಯಾಕೆ ಏಳಲಿಲ್ಲ, ಅನುಮಾನವಿತ್ತೇ ಅವಳಿಗೂ, ಇತ್ತು, ಒಂದು ಚೂರು ಇತ್ತು, ಅದಕ್ಕೇ ಈಗ ಅಪ್ಪನಿಗೆ ಫೋನ್ ಹಚ್ಚಿದ್ದು. ಅಪ್ಪಾ, ದಿನಾ ಹೊರಗೆ ಹೋಗಿ ನೋಡ್ತಿದ್ಯಾ? ಇದೆಂಥಾ ಪ್ರಶ್ನೆಯೇ, ಹೋಗದೆ? ಮೊದಮೊದಲು ಏಣಿ ಹತ್ತಿ ನೋಡ್ತಿದ್ದೆ, ಹಿಮ ಪೇರಿಕೊಂಡು ಪೇರಿಕೊಂಡು ಆಮೇಲೆ ನಿಂತೇ ನೋಡೋ ಹಾಗಾಯ್ತು, ಕೊನೆಗಂತೂ ಮಂಡಿಯೂರಬೇಕಿತ್ತು, ಉಸಿರು ತಾಗಿದ್ರೂ ಅಳತೆ ಏರಿಬಿಡುತ್ತೆ ಅಂತ ಉಸಿರು ಬಿಗಿಹಿಡಿದು ನೋಡ್ತಿದ್ದೆ ಕಣೇ.

ಮಂಡಿಯೂರಿ! ಥರ್ಮಾಮೀಟರ್ ಪೆಟ್ಟಿಗೇನ ಮೇಲಕ್ಕೆತ್ತಬಾರದಿತ್ತಾ ಅಪ್ಪಾ? ಎಲ್ಲಾದರೂ ಉಂಟೇ, ಪೆಟ್ಟಿಗೆ ಮುಟ್ಟಬಾರದು ಅಂತ ಅಪ್ಪಣೆಯಾಗಿತ್ತು, ಒಂದು ಬೆರಳೂ ತಾಗಿಸಲಿಲ್ಲ ನಾನು — ಎಷ್ಟು ಜಂಬ ಆ ದನಿಯಲ್ಲಿ, ಅಯ್ಯೋ ನನ್ನಪ್ಪಾ, ಎಡವಟ್ಟಾದದ್ದೇ ಅಲ್ಲಿ! ಪೆಟ್ಟಿಗೆ ಅಲುಗಲಿಲ್ಲ, ನೆಲವೇ ಎದ್ದು ಬಂತು, ಅಲ್ಲಿ ಹಿಮಕ್ಕೆ ಹತ್ತಿರವಾದಷ್ಟೂ ಗಾಳಿ ಹೆಚ್ಚು ತಣ್ಣಗೆ, ಥರ್ಮಾಮೀಟರ್ ವರ್ಷವರ್ಷ ಚಳಿಯೊಳಗೆ ಮುಳುಗುತ್ತ ಹೋಯಿತು, ಕಂಡದ್ದನ್ನು ಕಂಡ ಹಾಗೇ ಬರೆದ ಮನುಷ್ಯ! ಹಿಮ ಎಷ್ಟು ಏರಿತೆಂಬ ಲೆಕ್ಕ ಹೇಗೂ ಇದೆ, ಆ ಹೆಚ್ಚುವರಿ ಚಳಿಯನ್ನು ಕಳೆದರೆ — ಮೇಜಿಗೆ ಓಡುತ್ತಾಳೆ, ಕಂಪ್ಯೂಟರಿಗೆ ಲೆಕ್ಕ ಉಣಿಸುತ್ತಾಳೆ, ತಪ್ಪು ಕೀಲಿ ಒತ್ತಿದಳು, ಮತ್ತೆ — ಗೆರೆ ತಲೆಯೆತ್ತಿತು, ಏರಿತು, ಏರಿತು, ಅಬ್ಬಾ, ಉಳಿದವುಗಳ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಿಂತಿತು, ಖುಷಿಗೆ ನಗು, ನಗುವಿನ ನಡುವೆ ಕಣ್ಣೀರು, ಮೆಟ್ಟಿಲು ಎರಡೆರಡಾಗಿ ಹಾರಿ ಸಭೆಯ ಬಾಗಿಲು ತಳ್ಳಿ ಒಳಗೆ ನುಗ್ಗುತ್ತಾಳೆ, ಏನಮ್ಮಾ ಇದು, ಏದುಸಿರು ಬಿಡ್ತಾ ಇದ್ದೀಯ, ಎನ್ನುತ್ತಾರೆ ಮುಖ್ಯಸ್ಥರು, ಎಲ್ಲರೂ ತಿರುಗಿ ನೋಡುತ್ತಾರೆ, ಕಿತ್ತುಹಾಕಬೇಡಿ ಸಾರ್, ಆ ಅಳತೆ ಬರೆದದ್ದು ನಮ್ಮಪ್ಪ, ಅವನು ಬೆಚ್ಚಗೆ ಕೂತಿರಲಿಲ್ಲ ಸಾರ್, ಅವನು, ಅವನು — ಅವಳ ಕಣ್ಣಿಗೆ ಈಗ ಸಭೆಯಿಲ್ಲ, ಗೋಡೆಯಿಲ್ಲ, ಎಲ್ಲ ಬೆಳ್ಳಗೆ, ಆ ಬಿಳಿಯ ನಡುವೆ ಅಪ್ಪ ಮಂಡಿಯೂರಿದ್ದಾನೆ, ಉಸಿರು ಬಿಗಿಹಿಡಿದು.